ಡಿಗ್ರಿಗೆ ನಾಲ್ಕು ನಿಮಿಷ

ಮೂವತ್ತನಾಲ್ಕು ವರ್ಷ ಹೈಸ್ಕೂಲಿನ ಮಕ್ಕಳಿಗೆ ಭೂಗೋಳ ಕಲಿಸಿ ನಿವೃತ್ತರಾದ ಬೆಂಗಳೂರಿನ ಮೇಷ್ಟರೊಬ್ಬರು ಜನವರಿಯ ಕೊನೆಯ ವಾರದಲ್ಲಿ, ಇನ್ನೂ ಕೋಳಿ ಕೂಗದ ಹೊತ್ತಿನಲ್ಲಿ, ತಮ್ಮ ಹೆಂಡತಿಯೊಡನೆ ಅಂಡಮಾನಿಗೆ ಹೊರಟರು. ಹೊರಟರು ಎನ್ನುವುದಕ್ಕಿಂತ ಹೊರಡಿಸಲ್ಪಟ್ಟರು ಎನ್ನುವುದೇ ಸರಿ. ಹಿರಿಯ ಮಗ ವಿಮಾನದ ಟಿಕೆಟ್ಟು ಕೊಂಡು, ಹೋಟೆಲಿನಲ್ಲಿ ಕೋಣೆ ಗೊತ್ತುಮಾಡಿ, ಈಗ ಬೇಡವೆಂದರೆ ಕೊಟ್ಟ ಹಣ ಹಿಂದಕ್ಕೆ ಬಾರದೆಂಬುದನ್ನೂ ಸ್ಪಷ್ಟವಾಗಿ ತಿಳಿಸಿದ್ದನು. ಹಣದ ಆ ಒಂದು ಮಾತು ಇಲ್ಲದಿದ್ದರೆ ಈ ಪ್ರಯಾಣವೂ ಹಿಂದಿನ ಪ್ರಯಾಣಗಳ ಗತಿಯನ್ನೇ ಕಾಣುತ್ತಿತ್ತು.

ಹಿಂದಿನ ಪ್ರಯಾಣಗಳೆಂದರೆ ಹೋಗದೆ ಉಳಿದ ಪ್ರಯಾಣಗಳು. ಮದುವೆಯಾದ ಹೊಸದರಲ್ಲಿ, ಕಾರವಾರಕ್ಕೆ ಕರೆದುಕೊಂಡು ಹೋಗಿ ಸೂರ್ಯ ಕಡಲಿಗೆ ಇಳಿಯುವುದನ್ನು ತೋರಿಸುತ್ತೇನೆಂದು ಮೇಷ್ಟರು ಹೆಂಡತಿಗೆ ಮಾತು ಕೊಟ್ಟಿದ್ದರು. ಆ ವರ್ಷ ತಂಗಿಯ ಮದುವೆ ಬಂದಿತು. ಮರುವರ್ಷ ಬಾಣಂತನ. ಅನಂತರ ತಾಯಿಗೆ ಪಾರ್ಶ್ವವಾಯು ಬಡಿಯಿತು. ಹನ್ನೊಂದು ವರ್ಷ ಆಕೆ ಅತ್ತೆಯ ಹಾಸಿಗೆಯ ಪಕ್ಕವನ್ನು ಬಿಟ್ಟು ಒಂದು ರಾತ್ರಿಯನ್ನೂ ಹೊರಗೆ ಕಳೆಯಲಿಲ್ಲ. ಆಮೇಲೆ ಮಕ್ಕಳ ಕಾಲೇಜು, ಮನೆಯ ಸಾಲ. “ನೋಡೋಣ, ಬರುವ ಬೇಸಗೆಗೆ” ಎಂದು ಮೇಷ್ಟರು ಹೇಳುವರು. “ಪರವಾಗಿಲ್ಲ ಬಿಡಿ” ಎಂದು ಆಕೆ ಹೇಳುವಳು. ಒಮ್ಮೆ ರಾಮೇಶ್ವರಕ್ಕೆ ಹೋದುದುಂಟು, ಹದಿಮೂರು ಜನ ನಂಟರೊಡನೆ. ಎಲ್ಲರೂ ಸಮುದ್ರಸ್ನಾನಕ್ಕೆ ಇಳಿದಾಗ ದಡದಲ್ಲಿ ಗಂಟುಮೂಟೆಗಳನ್ನು ಕಾಯಲು ಯಾರಾದರೂ ಬೇಕಲ್ಲ? ಆಕೆ ಸಮುದ್ರವನ್ನು ನೋಡಿದ್ದು ಹದಿಮೂರು ಚೀಲಗಳ ಸಂದಿನಿಂದ.

ಅಂಡಮಾನು ಆಕೆಯ ಮನಸ್ಸಿಗೆ ಬಂದದ್ದು ಇಪ್ಪತ್ತು ರೂಪಾಯಿ ನೋಟಿನ ಮೂಲಕ. 2001ರಲ್ಲಿ ಹೊರಬಂದ ಕೆಂಪು ಛಾಯೆಯ ಆ ನೋಟಿನ ಹಿಂಬದಿಯಲ್ಲಿ ತೆಂಗಿನಮರಗಳ ನಡುವೆ ಒಂದು ಕೊಲ್ಲಿ, ಅದರಾಚೆ ಪುಟ್ಟ ದೀಪಸ್ತಂಭ ಇರುವ ಚಿತ್ರವುಂಟು. ಪೋರ್ಟ್ ಬ್ಲೇರಿನ ಎದುರಿಗಿರುವ ಗುಡ್ಡದಿಂದ ಕಾಣುವ ನೋಟವದು. ಪತ್ರಿಕೆಯಲ್ಲಿ ಅದನ್ನೋದಿದ ಆಕೆ ಗರಿಗರಿಯಾದ ಒಂದು ನೋಟನ್ನು ಸಾಸಿವೆ ಡಬ್ಬಿಯಲ್ಲಿ ಎತ್ತಿಟ್ಟಿದ್ದಳು. ಹಾಲಿನವನಿಗೆ ಚಿಲ್ಲರೆ ಸಾಲದ ದಿನಗಳಲ್ಲಿಯೂ ಅದನ್ನು ಮುಟ್ಟಿರಲಿಲ್ಲ. ಈಗ ಅದು ಕೈಚೀಲದಲ್ಲಿ, ಕುಂಕುಮದ ಭರಣಿಯ ಪಕ್ಕದಲ್ಲಿತ್ತು.

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ನಿಂಬೆಕಾಯಿ ಉಪ್ಪಿನಕಾಯಿಯ ಸೀಸೆ ಕೈಬಿಟ್ಟಿತು. ಚಪಾತಿ, ಚಟ್ನಿಪುಡಿ, ಕೋಡುಬಳೆಗಳು ಪಾರಾದವು. ಕಿಟಕಿಯ ಪಕ್ಕದ ಜಾಗವನ್ನು ಮೇಷ್ಟರು ಹೆಂಡತಿಗೆ ಬಿಟ್ಟುಕೊಟ್ಟರು. ಮದರಾಸಿನ ತೀರ ದಾಟಿದ ಮೇಲೆ ಕೆಳಗೆ ನೀರಲ್ಲದೆ ಮತ್ತೇನೂ ಇಲ್ಲ. “ನಮ್ಮಜ್ಜಿ ಇದನ್ನೇ ಕರಿನೀರು ಅನ್ನುತ್ತಿದ್ದಳು. ದಾಟಿದವರು ತಿರುಗಿ ಬರುವುದಿಲ್ಲ ಎನ್ನುತ್ತಿದ್ದಳು,” ಎಂದಳು ಆಕೆ. ಮೇಷ್ಟರಿಗೆ ಮಾತು ಬಂದಿತು. 1857ರ ದಂಗೆಯ ಮರುವರ್ಷ ಮಾರ್ಚ್ ತಿಂಗಳಲ್ಲಿ ಮೊದಲ ಇನ್ನೂರು ಕೈದಿಗಳನ್ನು ಇಳಿಸಿದ್ದು, ಚೆನ್ನೈಯಿಂದ ಹಡಗಿನಲ್ಲಿ ಈಗಲೂ ಸುಮಾರು ಮೂರು ದಿನ ಹಿಡಿಯುವುದು, ವಿಮಾನಕ್ಕೆ ಎರಡೂವರೆ ಗಂಟೆಗಿಂತ ತುಸು ಹೆಚ್ಚು ಸಾಕಾಗುವುದು, ಇವನ್ನೆಲ್ಲ ವಿವರಿಸಿದರು. ಸೂರ್ಯ ಬಲುಬೇಗ ಮೇಲೇರಿದುದನ್ನು ಆಕೆ ತೋರಿಸಿದಾಗ, “ನಾವು ಪೂರ್ವಕ್ಕೆ, ಅವನ ಎದುರಿಗೇ ಹೋಗುತ್ತಿದ್ದೇವೆ. ಬೇಗ ಏರದೆ ಏನು?” ಎಂದು ನಕ್ಕರು. ಆ ಮಾತನ್ನು ಅವರು ಅಲ್ಲಿಗೇ ಬಿಟ್ಟುಬಿಟ್ಟರು. ಪಾಠ ಹೇಳುವವರಲ್ಲಿ ಇದೊಂದು ದೋಷವುಂಟು: ಹೇಳಿ ಮುಗಿಸಿದೊಡನೆ ವಿಷಯ ತಮ್ಮ ಕೈಬಿಟ್ಟು ಮಕ್ಕಳ ಪಾಲಾಯಿತೆಂದು ತಿಳಿಯುತ್ತಾರೆ.

2024ರ ಸೆಪ್ಟೆಂಬರಿನಲ್ಲಿ ಶ್ರೀ ವಿಜಯಪುರಂ ಎಂಬ ಹೆಸರನ್ನು ಪಡೆದ ಪೋರ್ಟ್ ಬ್ಲೇರಿನಲ್ಲಿ ಇಳಿದಾಗ ಬಿಸಿಲು ಚುರುಕಾಗಿತ್ತು. ಹೋಟೆಲಿನಲ್ಲಿ ಪೆಟ್ಟಿಗೆಗಳನ್ನಿಟ್ಟು, ಮುಖ ತೊಳೆದು, ನೇರವಾಗಿ ಸೆಲ್ಯುಲರ್ ಜೈಲಿಗೆ ನಡೆದರು. ಅಲ್ಲಿಗೆ ಹೋಗಿ ಬರದೆ ವಿಹಾರ ಆರಂಭಿಸುವುದು ಸರಿಯಲ್ಲವೆಂಬುದು ಮೇಷ್ಟರ ಅಭಿಪ್ರಾಯ.

1896ರಲ್ಲಿ ತೊಡಗಿ 1906ರಲ್ಲಿ ಮುಗಿದ ಕಟ್ಟಡವದು. ನಡುವೆ ಗೋಪುರ, ಅದರಿಂದ ಬೈಸಿಕಲ್ಲಿನ ಚಕ್ರದ ಕಡ್ಡಿಗಳಂತೆ ಏಳು ಬಾಹುಗಳು. ಈಗ ಮೂರು ಮಾತ್ರ ಉಳಿದಿವೆ. ಕೆಡವಿದ ಭಾಗದಲ್ಲಿ ಆಸ್ಪತ್ರೆಯಿದೆ. ಆರುನೂರ ತೊಂಬತ್ತಕ್ಕೂ ಮಿಕ್ಕ ಕೋಣೆಗಳಲ್ಲಿ ಒಂದೊಂದರಲ್ಲಿ ಒಬ್ಬೊಬ್ಬನೇ. ಒಂದು ಬಾಹುವಿನ ಮುಂಭಾಗ ಇನ್ನೊಂದರ ಬೆನ್ನಿಗೆ ಎದುರಾಗುವಂತೆ ಕಟ್ಟಿದ್ದರಿಂದ ಯಾವ ಕೈದಿಯೂ ಮತ್ತೊಬ್ಬನ ಮುಖವನ್ನು ಕಾಣುವಂತಿರಲಿಲ್ಲ. ಗಾಣಕ್ಕೆ ಕಟ್ಟಿ ಎಣ್ಣೆ ತೆಗೆಸುತ್ತಿದ್ದ ಕತೆಯನ್ನು ಮೇಷ್ಟರು ಬಲ್ಲರು. ಹೇಳಲೆಂದು ಬಾಯಿ ತೆರೆದರು. ಆದರೆ ಆಕೆ ಒಂದು ಕೋಣೆಯೊಳಗೆ ಹೋಗಿ, ಕೈಗೆಟುಕದ ಎತ್ತರದಲ್ಲಿದ್ದ ಗವಾಕ್ಷಿಯನ್ನು ನೋಡುತ್ತ ನಿಂತಿದ್ದಳು.

“ಪಕ್ಕದಲ್ಲೇ ಇದ್ದರೂ ಒಬ್ಬರಿಗೊಬ್ಬರು ಗೊತ್ತಾಗುತ್ತಿರಲಿಲ್ಲ, ಅಲ್ಲವೇನ್ರೀ?”

“ಹೌದು, ಅದಕ್ಕಾಗಿಯೇ ಹಾಗೆ ಕಟ್ಟಿದ್ದು,” ಎಂದರು ಮೇಷ್ಟರು.

ಮಧ್ಯಾಹ್ನದ ಊಟವಾದ ಮೇಲೆ ದಿನದ ಮುಖ್ಯ ಕಾರ್ಯಕ್ರಮದ ವಿಚಾರ ಬಂದಿತು. ಊರು ದ್ವೀಪದ ಪೂರ್ವದಂಡೆಯಲ್ಲಿರುವುದರಿಂದ ಅಲ್ಲಿ ಕಡಲಿನಲ್ಲಿ ಸೂರ್ಯ ಮುಳುಗುವುದು ಕಾಣದು. ಅದಕ್ಕೆ ದಕ್ಷಿಣದ ತುದಿಯಲ್ಲಿರುವ ಚಿಡಿಯಾ ಟಾಪುವಿಗೆ ಹೋಗಬೇಕು. ಸುಮಾರು ಇಪ್ಪತ್ತೈದು ಕಿಲೋಮೀಟರ್ ದಾರಿ, ಗುಡ್ಡಗಾಡು. ಟ್ಯಾಕ್ಸಿಯವನು ಮೂರು ಗಂಟೆಗೇ ಬರುತ್ತೇನೆಂದು ಫೋನಿನಲ್ಲಿ ತಿಳಿಸಿದನು. ಮೇಷ್ಟರಿಗೆ ಅದು ಸಂಶಯಕ್ಕೆ ಕಾರಣವಾಯಿತು. ಆರೂಕಾಲರ ಸೂರ್ಯಾಸ್ತಕ್ಕೆ ಮೂರಕ್ಕೇ ಏಕೆ? ಬೇಗ ತೋರಿಸಿ ತಂದುಬಿಟ್ಟು ಇನ್ನೊಂದು ಬಾಡಿಗೆ ಹಿಡಿಯುವ ಹಂಚಿಕೆಯಿರಬೇಕು. ನಾಲ್ಕೂವರೆಗೆ ಬಾ ಎಂದು ಹೇಳಿ ಫೋನಿಟ್ಟರು.

“ಈಗಲೇ ಹೊರಡೋಣವೇ? ಅಲ್ಲೇ ಕುಳಿತಿದ್ದರಾಯಿತು,” ಎಂದಳು ಆಕೆ.

“ಈ ಬಿಸಿಲಿನಲ್ಲೆ? ಸ್ವಲ್ಪ ಮಲಗು. ರಾತ್ರಿಯೆಲ್ಲ ನಿದ್ದೆಯಿಲ್ಲ.”

ಮೇಷ್ಟರು ಮಲಗಿದರು, ನಿದ್ದೆಯನ್ನೂ ಮಾಡಿದರು. ಆಕೆ ಕಿಟಕಿಯ ಹತ್ತಿರ ಕುರ್ಚಿಯೆಳೆದುಕೊಂಡು, ಎದುರು ಮನೆಯ ಗೋಡೆಯ ಮೇಲೆ ತೆಂಗಿನ ಗರಿಯ ನೆರಳು ಏರುವುದನ್ನು ನೋಡುತ್ತ ಕುಳಿತಿದ್ದಳು.

ನಾಲ್ಕೂವರೆಗೆ ಹೊರಟಾಗ ಚಾಲಕ ಏನೂ ಹೇಳಲಿಲ್ಲ; ಕಾರನ್ನು ಮಾತ್ರ ವೇಗವಾಗಿ ಬಿಟ್ಟನು. ಊರು ಮುಗಿದು ಮರಗಳು ಆರಂಭವಾಗುವಷ್ಟರಲ್ಲಿ ಬಿಸಿಲಿಗೆ ಅರಿಸಿನದ ಬಣ್ಣ ಬಂದಿತ್ತು. ದನಗಳು ಮನೆಗೆ ತಿರುಗಿದ್ದವು. ಮೇಷ್ಟರು ತಮ್ಮ ಎಚ್.ಎಂ.ಟಿ. ಜನತಾ ಗಡಿಯಾರವನ್ನು ನೋಡಿಕೊಂಡರು. ಮಾವ ಮದುವೆಯಲ್ಲಿ ಕೊಟ್ಟದ್ದು. ಅದನ್ನು ತಯಾರಿಸಿದ ಕಾರ್ಖಾನೆ ಮುಚ್ಚಿಹೋಯಿತಾದರೂ ಅದು ದಿನಕ್ಕೊಮ್ಮೆ ಕೀಲಿ ಕೊಟ್ಟರೆ ಇಂದಿಗೂ ಸರಿಯಾಗಿ ನಡೆಯುತ್ತದೆ. ಐದು ಗಂಟೆ ಐದು ನಿಮಿಷ. ಕಿವಿಗೆ ಹಿಡಿದರು; ಟಿಕ್ ಟಿಕ್ ಎನ್ನುತ್ತಿತ್ತು. ಮತ್ತೆ ಆಕಾಶವನ್ನು ನೋಡಿದರು. ಆಗ ಅವರ ಮುಖದಲ್ಲಿ, ಕಪ್ಪುಹಲಗೆಯ ಮೇಲೆ ತಾವೇ ಬರೆದ ಲೆಕ್ಕ ತಪ್ಪಿದುದನ್ನು ತರಗತಿಯ ಎದುರಿಗೆ ಕಂಡುಕೊಂಡವರ ಕಳೆ ಬಂದಿತು.

ಭಾರತಕ್ಕೆಲ್ಲ ಒಂದೇ ಗಡಿಯಾರ. 1906ರಿಂದ ಎಂಬತ್ತೆರಡೂವರೆ ಡಿಗ್ರಿ ಪೂರ್ವ ರೇಖಾಂಶದ ಗಡಿಯಾರ. ಬೆಂಗಳೂರು ಎಪ್ಪತ್ತೇಳೂವರೆ ಡಿಗ್ರಿಯ ಹತ್ತಿರ, ಪೋರ್ಟ್ ಬ್ಲೇರ್ ತೊಂಬತ್ತೆರಡೂವರೆಯನ್ನು ದಾಟಿ. ನಡುವೆ ಹದಿನೈದು ಡಿಗ್ರಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ಅರವತ್ತು ನಿಮಿಷ. ಬೆಂಗಳೂರಿನಲ್ಲಿ ಆರು ಗಂಟೆ ಇಪ್ಪತ್ತು ನಿಮಿಷಕ್ಕೆ ಮುಳುಗುವ ಸೂರ್ಯ ಇಲ್ಲಿ ಐದು ಗಂಟೆ ಇಪ್ಪತ್ತು ನಿಮಿಷಕ್ಕೆ ಮುಳುಗಬೇಕು. ಮುಳುಗಿದನು.

ಚಿಡಿಯಾ ಟಾಪುವಿಗೆ ತಲುಪಿದಾಗ ಜನ ಚಾಪೆಗಳನ್ನು ಸುತ್ತಿಕೊಂಡು ಹಿಂದಿರುಗುತ್ತಿದ್ದರು. ಕಡಲಿನ ಅಂಚಿನಲ್ಲಿ ಒಂದು ಕೆಂಪು ಗೆರೆ ಉಳಿದಿತ್ತು. ನೋಡುನೋಡುತ್ತ ಅದೂ ಬೂದಿಯಾಯಿತು. ಮರಗಳಲ್ಲಿ ಹಕ್ಕಿಗಳ ಗದ್ದಲ.

“ಪರವಾಗಿಲ್ಲ ಬಿಡಿ,” ಎಂದಳು ಆಕೆ.

ಹಿಂದಿರುಗುವ ದಾರಿಯಲ್ಲಿ ಕತ್ತಲೆ. ಬಹಳ ದೂರ ಬಂದ ಮೇಲೆ ಆಕೆಯೇ ಮಾತೆತ್ತಿದಳು. “ಮನೆಪಾಠದ ಹುಡುಗರಿಗೆ ನೀವು ಇದನ್ನೇ ಅಲ್ಲವೇ ಹೇಳುತ್ತಿದ್ದುದು, ಡಿಗ್ರಿಗೆ ನಾಲ್ಕು ನಿಮಿಷ ಎಂದು? ಅಡಿಗೆಮನೆಗೆ ಚೆನ್ನಾಗಿ ಕೇಳಿಸುತ್ತಿತ್ತು. ನನಗೂ ಬಾಯಿಪಾಠವಾಗಿತ್ತು.”

“ಹಾಗಾದರೆ ನಿನಗೆ ಗೊತ್ತಿತ್ತೆ?”

“ಊಟವಾದಾಗಲೇ ಅನ್ನಿಸಿತು.”

“ಹೇಳಬಾರದಾಗಿತ್ತೆ?”

“ಹೇಳಿದೆನಲ್ಲ, ಈಗಲೇ ಹೊರಡೋಣ ಎಂದು.”

ಆಕೆಯ ಧ್ವನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಮೇಷ್ಟರಿಗೆ ಉತ್ತರ ಹೊಳೆಯುತ್ತಿತ್ತು. ಅವರು ಗಂಟಲು ಸರಿಮಾಡಿಕೊಂಡರು, ಸುಮ್ಮನಾದರು; ಅನಂತರ ಚಾಲಕನ ಭುಜವನ್ನು ಮುಟ್ಟಿ ತಮ್ಮ ಹರಕು ಹಿಂದಿಯಲ್ಲಿ, ನೀನು ಹೇಳಿದ ಹೊತ್ತೇ ಸರಿಯಾಗಿತ್ತಪ್ಪ, ತಪ್ಪು ನನ್ನದು, ಎಂದರು. ಮೇಷ್ಟರು ಇಂಥ ಮಾತಾಡಿದ್ದನ್ನು ಆಕೆ ಕೇಳಿದ್ದು ಬಹುಶಃ ಅದೇ ಮೊದಲು. ತಿರುಗಿ ಅವರ ಮುಖ ನೋಡಿದಳು. ಕತ್ತಲೆಯಲ್ಲಿ ಎಷ್ಟು ಕಂಡಿತೋ.

ಊರಿಗೆ ಬಂದು ಕಡಲಕಟ್ಟೆಯ ಬಳಿ ಇಳಿದರು. ಕೊಲ್ಲಿಯಾಚೆ, ದೂರದ ಕತ್ತಲಿನಲ್ಲಿ ಒಂದು ದೀಪ ಮಿನುಗಿ ಮರೆಯಾಗಿ ಮತ್ತೆ ಮಿನುಗುತ್ತಿತ್ತು. ಆಕೆ ಬೀದಿದೀಪದ ಕೆಳಗೆ ನಿಂತು ಕೈಚೀಲದಿಂದ ನೋಟನ್ನು ತೆಗೆದು, ಚಿತ್ರವನ್ನೂ ದೀಪವನ್ನೂ ಹೋಲಿಸಿ ನೋಡಿದಳು.

“ಇದೇ ಇರಬೇಕು. ತೆಂಗಿನಮರ ಮಾತ್ರ ಕಾಣಿಸುತ್ತಿಲ್ಲ.”

ಮೇಷ್ಟರು ಕಟ್ಟೆಯ ಮೇಲೆ ಕುಳಿತು ಗಡಿಯಾರದ ಕೀಲಿಯನ್ನು ಹೊರಕ್ಕೆಳೆದರು. ಅಸ್ಸಾಮಿನ ಚಹಾ ತೋಟಗಳಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟುಕೊಳ್ಳುವ ಪದ್ಧತಿಯುಂಟು. ಇಲ್ಲಿರುವಷ್ಟು ದಿನ ತಾವೂ ಹಾಗೆಯೇ ಮಾಡುವುದೆಂದು ಅವರ ಯೋಚನೆ. ಆಕೆ ಕೈ ಹಿಡಿದು ತಡೆದಳು.

“ಅದನ್ನು ಕೆಡಿಸಬೇಡಿ. ನಾಳೆ ಹಡಗು ಹೊರಡುವುದು ಸರ್ಕಾರಿ ಗಡಿಯಾರಕ್ಕೆ.”

ಮೇಷ್ಟರು ಕೀಲಿಯನ್ನು ಒಳಕ್ಕೆ ಒತ್ತಿದರು. ಮರುದಿನ ಹೋಗಬೇಕಾದ ಸ್ವರಾಜ್ ದ್ವೀಪದಲ್ಲಿ ಪಶ್ಚಿಮಕ್ಕೆ ತೆರೆದ ರಾಧಾನಗರದ ಕಡಲತೀರವಿದೆ. ಅಲ್ಲಿಗೆ ಮಧ್ಯಾಹ್ನ ಮೂರಕ್ಕೇ ಹೋಗಿ ಕುಳಿತುಬಿಡೋಣ ಎಂದರು. ಆಕೆ ತಲೆಯಾಡಿಸಿದಳು. ಆದರೆ ಆಕೆಯ ಮನಸ್ಸು ಬೇರೆಲ್ಲೋ ಇತ್ತು. ಎದುರಿಗಿದ್ದ ಕಪ್ಪು ನೀರನ್ನೇ ನೋಡುತ್ತ ಕೇಳಿದಳು:

“ರೀ, ಇದು ಪೂರ್ವ ಅಲ್ಲವೇ?”

“ಹೌದು.”

“ಸಂಜೆ ಒಂದು ಗಂಟೆ ಬೇಗ ಆದರೆ ಬೆಳಗೂ ಒಂದು ಗಂಟೆ ಬೇಗ ಆಗಬೇಕಲ್ಲ?”

ಮೇಷ್ಟರು ಬೆರಳು ಮಡಿಸಿ ಲೆಕ್ಕ ಹಾಕಿದರು. ಈ ಸಲ ಎರಡು ಬಾರಿ. “ಐದೂಮುಕ್ಕಾಲು.”

“ಹಾಗಾದರೆ ಐದಕ್ಕೆ ಎಬ್ಬಿಸುತ್ತೇನೆ, ಏಳಬೇಕು,” ಎಂದಳು ಆಕೆ. ನೋಟನ್ನು ಮಡಿಸದೆ ಕೈಚೀಲದೊಳಕ್ಕೆ ಸೇರಿಸಿ, ಕಟ್ಟೆಯ ಮೇಲೆ ಉಳಿದಿದ್ದ ಕೋಡುಬಳೆಯ ಪೊಟ್ಟಣವನ್ನು ಬಿಚ್ಚಿದಳು.