ದೇಸೂರ ದಾಟಿದ ಉಗಿಬಂಡಿ

ಬೆಳಗಾವಿಯಿಂದ ಖಾನಾಪುರದ ಕಡೆಗೆ ಹೊರಟ ರೈಲಿಗೆ ಸಿಗುವ ಮೊದಲ ಸಣ್ಣ ನಿಲ್ದಾಣ ದೇಸೂರ. ನನ್ನ ತಂದೆ ಅಲ್ಲಿ ಕೀಮ್ಯಾನ್ ಆಗಿದ್ದರು. ಹೆಗಲ ಮೇಲೆ ಉದ್ದ ಹಿಡಿಯ ಸುತ್ತಿಗೆ, ಕಂಕುಳಲ್ಲಿ ಕೆಂಪು ಹಸಿರು ಬಾವುಟಗಳು. ದಿನವೂ ತಮ್ಮ ಪಾಲಿನ ಹಳಿಯುದ್ದಕ್ಕೂ ನಡೆದು, ಸಡಿಲಗೊಂಡ ಕೀಲಿಗಳನ್ನು ಬಡಿದು ಬಿಗಿಗೊಳಿಸುವುದು ಅವರ ಕಾಯಕ. ಮಳೆಗಾಲದಲ್ಲಿ ಆ ಸೀಮೆಯ ಕೆಮ್ಮಣ್ಣು ಮೊಣಕಾಲಿನವರೆಗೆ ಮೆತ್ತಿಕೊಂಡು ಮನೆಗೆ ಬರುತ್ತಿದ್ದರು.

ಅದು ಮೀಟರ್ ಗೇಜಿನ ಕಾಲ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಯವರು ಹಾಕಿದ ದಾರಿ. ಹಳಿಗಳ ನಡುವಣ ಅಂತರ ಸರಿಯಾಗಿ ಒಂದು ಮೀಟರ್. ಚಿತ್ತರಂಜನದ ಕಾರ್ಖಾನೆಯಲ್ಲಿ ಕೊನೆಯ ಉಗಿ ಎಂಜಿನ್ 1972ರಲ್ಲಿಯೇ ತಯಾರಾಗಿ ಮುಗಿದಿದ್ದರೂ ನಮ್ಮ ಕಡೆಯ ಪ್ಯಾಸೆಂಜರ್ ಬಂಡಿಯನ್ನು ಕಪ್ಪು ಎಂಜಿನ್ನೇ ಎಳೆಯುತ್ತಿತ್ತು. ಕಿಟಕಿಯಿಂದ ತಲೆ ಹೊರಹಾಕಿದವನ ಕಣ್ಣಿಗೆ ಕಲ್ಲಿದ್ದಲ ಕಿಡಿ ಬೀಳುವುದು ನಿಶ್ಚಿತ. ಆದರೂ ತಲೆ ಹೊರಹಾಕದ ಹುಡುಗನನ್ನು ನಾನು ಕಂಡಿಲ್ಲ.

1984ರ ನವೆಂಬರಿನಿಂದ 1985ರ ಜನವರಿಯವರೆಗೆ ಹಳೆ ಗೋವೆಯಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಪಾವನ ಶರೀರದ ಪ್ರದರ್ಶನವಿತ್ತು. ನಾನಾಗ ಬೆಳಗಾವಿಯ ಒಂದು ವಿದ್ಯಾರ್ಥಿನಿಲಯದಲ್ಲಿದ್ದೆ. ಡಿಸೆಂಬರಿನಲ್ಲಿ ನಮ್ಮನ್ನೆಲ್ಲ ರೈಲಿನಲ್ಲಿ ಯಾತ್ರೆಗೆ ಕರೆದೊಯ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಪಟ್ಟಣದ ವಕೀಲರೊಬ್ಬರ ಮಗನ ಪಕ್ಕದಲ್ಲಿ ಕುಳಿತಿದ್ದೆ. ದೇಸೂರ ಬಿಟ್ಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಳಿಯ ಬದಿಗೆ ಸರಿದು ನಿಂತ ಒಬ್ಬ ಮನುಷ್ಯ, ಸುತ್ತಿಗೆಯನ್ನು ನೆಲಕ್ಕೂರಿ, ನಮ್ಮ ಡಬ್ಬಿಯತ್ತ ಕೈ ಬೀಸಿದ. ಹರಿದ ಬನಿಯನ್ನು, ಮಸಿ ಹಿಡಿದ ಮುಖ.

“ಯಾರೋ ಅವನು? ನಿನ್ನನ್ನೇ ನೋಡಿ ಕೈ ಮಾಡ್ತಾನೆ” ಎಂದ ಗೆಳೆಯ.

“ಯಾರೋ ಏನೋ, ನನಗೆ ಗೊತ್ತಿಲ್ಲ” ಎಂದೆ.

ಅಷ್ಟರಲ್ಲಿ ಎಂಜಿನ್ ಉದ್ದಕ್ಕೆ ಸಿಳ್ಳೆ ಹಾಕಿತು.

ಮುಂದಿನ ದಾರಿಯ ಸೊಬಗನ್ನು ನಾನು ಬಣ್ಣಿಸಬೇಕಿತ್ತು. ಖಾನಾಪುರದ ಮಲಪ್ರಭೆ, ಕುಂಬಾರಿಕೆಗೂ ಹೆಂಚಿಗೂ ಹೆಸರಾದ ಅಲ್ಲಿಯ ಮಣ್ಣು, ಗುಂಜಿ ದಾಟಿದಂತೆ ಎರಡೂ ಕಡೆಯಿಂದ ಒತ್ತರಿಸಿ ಬರುವ ಕಾಡು, ಲೋಂಡಾದಲ್ಲಿ ಜಂಕ್ಷನ್ನಿನ ಗದ್ದಲ, ಕ್ಯಾಸಲ್‌ರಾಕ್‌ನಿಂದಾಚೆ ಸುರಂಗದ ಮೇಲೆ ಸುರಂಗ. ಸುರಂಗ ಬಂದಾಗಲೆಲ್ಲ ಹುಡುಗರು ಕೇಕೆ ಹಾಕುತ್ತಿದ್ದರು. ದೂಧಸಾಗರ ಬಂದಾಗ ಇಡೀ ಡಬ್ಬಿ ಒಂದೇ ಬದಿಗೆ ನುಗ್ಗಿತು. ನಾನು ಎದುರು ಬದಿಯ ಕಿಟಕಿಯಲ್ಲಿ ಕುಳಿತಿದ್ದೆ. ಅಷ್ಟು ಹತ್ತಿರ ಹೋಗಿಯೂ ಆ ಜಲಪಾತವನ್ನು ಅಂದು ನಾನು ನೋಡಲಿಲ್ಲ. ಹಳೆ ಗೋವೆಯಲ್ಲಿ ಸಾಲಿನಲ್ಲಿ ನಿಂತು ಸಂತರ ಪಾದದ ಬಳಿ ಬಂದಾಗಲೂ ನನಗೆ ಪ್ರಾರ್ಥನೆ ನೆನಪಾಗಲಿಲ್ಲ.

ಮರುವರ್ಷ ಪಾಪನಿವೇದನೆಯಲ್ಲಿ ಇದನ್ನು ಹೇಳಿಕೊಂಡೆ. ಗುರುಗಳು ಪಾಪವಿಮೋಚನೆ ನೀಡಿ, “ತಂದೆಗೂ ಒಂದು ಮಾತು ಹೇಳು” ಎಂದರು. ಹೇಳಲಿಲ್ಲ. ಗುರುಮಠ ಸೇರಿದೆ, ತತ್ತ್ವಶಾಸ್ತ್ರ, ದೈವಶಾಸ್ತ್ರ ಓದಿದೆ, ದೀಕ್ಷೆಯಾಯಿತು, ಹೇಳಲಿಲ್ಲ. ಶುಭ ಶುಕ್ರವಾರದ ಯಾತನೆಯ ಕಥನದಲ್ಲಿ ಪೇತ್ರನ ಭಾಗ ಬಂದಾಗ ನನಗೆ ಇಂದಿಗೂ ಕೇಳಿಸುವುದು ಕೋಳಿಯ ಕೂಗಲ್ಲ, ಆ ಸಿಳ್ಳೆ.

1990ರ ದಶಕದಲ್ಲಿ ಹಳೆಯ ಹಳಿಗಳನ್ನು ಕಿತ್ತು ಬ್ರಾಡ್ ಗೇಜ್ ಹಾಕಿದರು. ಅಪ್ಪ ಬಡಿದ ಕೀಲಿಗಳೆಲ್ಲ ಗುಜರಿಗೆ ಹೋದವು. ಅವರೂ ನಿವೃತ್ತರಾದರು. ಒಮ್ಮೆ ನಾನಿದ್ದ ಧರ್ಮಕೇಂದ್ರಕ್ಕೆ ಬಂದು ನಾಲ್ಕು ದಿನ ಉಳಿದಿದ್ದರು. ಸಂಜೆ ಜಗಲಿಯಲ್ಲಿ ಕುಳಿತಾಗ, ಮಾತಿಲ್ಲದ ಮನುಷ್ಯ, ತಾವಾಗಿಯೇ ಬಾಯಿಬಿಟ್ಟರು.

“ನೀವು ಗೋವಾಕ್ಕ ಹೋದ ದಿನ ನಾ ನಿನ್ನ ನೋಡಿದ್ದೆ. ಬಿಳಿ ಅಂಗಿ ಹಾಕ್ಕೊಂಡಿದ್ದಿ. ಆ ದಿನ ನನ್ನ ಪಾಳಿ ಬ್ಯಾರೆ ಕಡೆ ಇತ್ತು. ಸಾಹೇಬರಿಗೆ ಕೇಳಿ ಆ ಕಡೆ ಹಾಕಿಸಿಕೊಂಡಿದ್ದೆ. ಗ್ಯಾಂಗಿನವರಿಗೆಲ್ಲ ಹೇಳಿದೆ, ಅಂವ ನನ್ನ ಮಗಾ ಅಂತ. ನೀ ನೋಡಲಿಲ್ಲ, ಹೊಗಿ ಭಾಳ ಇತ್ತು.”

ನಾನು ಹೇಳಬೇಕಾದ ಮಾತು ತುಟಿಯವರೆಗೆ ಬಂತು.

“ಹೌದಪ್ಪಾ, ಹೊಗೆ ಬಹಳ ಇತ್ತು” ಎಂದು, ಚಹಾ ತರಲು ಒಳಗೆ ಎದ್ದುಹೋದೆ.