ಆಟಕ್ಕುಂಟು, ಲೆಕ್ಕಕ್ಕಿಲ್ಲ

ಸಂಜೆ ಐದು ಗಂಟೆಯಾಯಿತೆಂದರೆ ಗವಿಪುರದ ಅಡ್ಡಬೀದಿಗಳಲ್ಲಿ ಆಯ್ಕೆಸಮಿತಿಯ ಅಧಿವೇಶನ ಆರಂಭವಾಗುತ್ತದೆ. ಇಬ್ಬರು ನಾಯಕರು ಸರದಿಯಂತೆ ಒಬ್ಬೊಬ್ಬ ಹುಡುಗನನ್ನು ಕರೆದುಕೊಳ್ಳುತ್ತಾರೆ. ಮೂರು ಇಟ್ಟಿಗೆಗಳೇ ವಿಕೆಟ್ಟು. ಗಂಗಾಧರೇಶ್ವರನ ಗುಡಿಗೆ ಹೊರಟವರು ಹಾದುಹೋಗುವವರೆಗೆ ಆಟಕ್ಕೆ ವಿರಾಮ. ಮಂಡಿಗೆ ಬಟ್ಟೆ ಸುತ್ತಿಕೊಂಡು ಕುಂಟುತ್ತ ಬಂದವನ ಪಾಳಿ ಬಂದಾಗ ಮಾತ್ರ ಎರಡು ಪಕ್ಷಗಳೂ ಮೌನ ತಾಳುತ್ತವೆ. ಕೊನೆಗೆ ಕರುಣೆಯ ತೀರ್ಪು ಹೊರಬೀಳುತ್ತದೆ: ‘ಆಟಕ್ಕುಂಟು, ಲೆಕ್ಕಕ್ಕಿಲ್ಲ.’ ಮರುದಿನ ಅದೇ ಹುಡುಗ ಬಟ್ಟೆ ಬಿಚ್ಚಿ, ಮಂಡಿ ಕಾಣದಂತೆ ಉದ್ದನೆಯ ಷರಾಯಿ ತೊಟ್ಟು, ನೋವನ್ನು ನುಂಗಿಕೊಂಡು ಬಂದು ನಿಲ್ಲುತ್ತಾನೆ.

ಗಾಯಗೊಂಡವನನ್ನು ತಂಡಕ್ಕೆ ಆರಿಸಬಹುದೆ ಎಂಬ ಈ ಪ್ರಶ್ನೆ ದೊಡ್ಡವರ ಆಟದಲ್ಲಿಯೂ ಉಂಟು. ಅಲ್ಲಿ ಅದಕ್ಕೆ ಕೋಟಿಗಳ ತೂಕ. 2022ರ ಫೆಬ್ರುವರಿಯಲ್ಲಿ ಇದೇ ಬೆಂಗಳೂರಿನಲ್ಲಿ ಐಪಿಎಲ್ ಹರಾಜು ನಡೆದಾಗ, ಇಂಗ್ಲೆಂಡಿನ ವೇಗಿ ಜೋಫ್ರಾ ಆರ್ಚರ್‌ನನ್ನು ಮುಂಬಯಿ ತಂಡ 8 ಕೋಟಿ ರೂಪಾಯಿಗೆ ಕೊಂಡಿತು. ಆತನ ಮೊಣಕೈ ಕೆಟ್ಟಿದೆ, ಆ ವರ್ಷ ಆತ ಆಡಲಾರ ಎಂಬುದು ಕೊಂಡವರಿಗೆ ತಿಳಿದೇ ಇತ್ತು. ಗವಿಪುರದ ತೀರ್ಪು ತಲೆಕೆಳಗಾದಂತಾಯಿತು: ಲೆಕ್ಕಕ್ಕುಂಟು, ಆಟಕ್ಕಿಲ್ಲ! 2023ರಲ್ಲಿ ಆತ ಐದು ಪಂದ್ಯಗಳನ್ನಾಡಿ, ಎರಡು ವಿಕೆಟ್ ಪಡೆದು, ಮತ್ತೆ ಚಿಕಿತ್ಸೆಗಾಗಿ ಸ್ವದೇಶಕ್ಕೆ ಮರಳಿದ.

ಕೊಂಡವರನ್ನು ಹಾಸ್ಯಮಾಡುವುದು ಸುಲಭ. ಆದರೆ ಚಂದ್ರಶೇಖರರ ಆಟ ಕಂಡ ಊರಿಗೆ ಆ ಹಾಸ್ಯ ಅಷ್ಟಾಗಿ ಒಪ್ಪುವುದಿಲ್ಲ. ಬಾಲ್ಯದಲ್ಲಿಯೇ ಪೋಲಿಯೊ ತಗುಲಿ ಅವರ ಬಲಗೈ ಕೃಶವಾಗಿತ್ತು. ಮೈದಾನದಿಂದ ಚೆಂಡನ್ನೆಸೆಯಲು ಎಡಗೈ. ಬೌಲ್ ಮಾಡಲು ಮಾತ್ರ ಆ ಬಡಕಲು ಬಲಗೈಯೇ. 1964ರಲ್ಲಿ ಅವರು ಟೆಸ್ಟ್ ಪ್ರವೇಶಿಸಿದರು. ಆಸ್ಟ್ರೇಲಿಯ ಪ್ರವಾಸದಲ್ಲಿ ಗಾಯ, ಆಮೇಲೆ ಸ್ಕೂಟರ್ ಅಪಘಾತ. ಮೂರು ವರ್ಷಕ್ಕೂ ಮಿಗಿಲಾಗಿ ಟೆಸ್ಟ್ ಇಲ್ಲ. ವಿಜಯ್ ಮರ್ಚೆಂಟರ ಅಧ್ಯಕ್ಷತೆಯ ಸಮಿತಿ 1971ರ ಇಂಗ್ಲೆಂಡ್ ಪ್ರವಾಸಕ್ಕೆ ಅವರನ್ನು ಆರಿಸಿತು. ಓವಲ್ ಮೈದಾನದಲ್ಲಿ ಅವರು 38 ಓಟಗಳಿಗೆ 6 ವಿಕೆಟ್ ಕಿತ್ತರು. ಇಂಗ್ಲೆಂಡ್ 101ಕ್ಕೆ ಉರುಳಿತು. ಆ ನೆಲದಲ್ಲಿ ಭಾರತಕ್ಕೆ ಮೊದಲ ಜಯ ಲಭಿಸಿತು. (ಕೊನೆಯ ದಿನ ಗಣೇಶ ಚತುರ್ಥಿ, ಅಭಿಮಾನಿಗಳು ಮೃಗಾಲಯದಿಂದ ಆನೆಯನ್ನೇ ಮೈದಾನಕ್ಕೆ ಕರೆತಂದಿದ್ದರು!)

ಕುಂದು ಬೇರೆ, ಹಸಿಗಾಯ ಬೇರೆ, ನಿಜ. ಚಂದ್ರಶೇಖರರ ಕೈ ತನ್ನ ದಾರಿಯನ್ನು ತಾನೇ ಕಂಡುಕೊಂಡಿತ್ತು; ಆರ್ಚರನ ಮೊಣಕೈ ಇನ್ನೂ ಮಾಗುತ್ತಿತ್ತು. ಮಾಗುವ ಗಾಯಕ್ಕೆ ಹಣ ತೆರುವವನು ಕಾಯುವ ಸಹನೆಯನ್ನೂ ತೆರಬೇಕು. ಕೊಟ್ಟ ಹಣ ಹಿಂದಿರುಗಲೆಂದು ಆಟಗಾರನನ್ನು ಅವಸರದಿಂದ ಅಂಗಳಕ್ಕೆ ದೂಡಿದರೆ ಅದು ಆಯ್ಕೆಯಲ್ಲ, ಜಪ್ತಿ. ಆಗ ಮುಂದಿನ ಆಟಗಾರ ತನ್ನ ಗಾಯವನ್ನು ವೈದ್ಯರಿಂದಲೂ ಮರೆಮಾಚಲು ಕಲಿಯುತ್ತಾನೆ.

ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲಿ ಓದಿದ ಅನಿಲ್ ಕುಂಬ್ಳೆ 2002ರ ಮೇ ತಿಂಗಳಲ್ಲಿ, ಆಂಟಿಗಾದ ಟೆಸ್ಟಿನಲ್ಲಿ, ಮುರಿದ ದವಡೆಗೆ ಪಟ್ಟಿ ಬಿಗಿದು 14 ಓವರ್ ಬೌಲ್ ಮಾಡಿ ಲಾರಾನ ವಿಕೆಟ್ ಪಡೆದರು. ಆ ನಿರ್ಧಾರ ಅವರದೇ. ಅನಂತರ ಶಸ್ತ್ರಚಿಕಿತ್ಸೆಗೆ ಬೆಂಗಳೂರಿಗೆ ಹಿಂದಿರುಗಿದರು. ಆ ಪಟ್ಟಿಯ ಚಿತ್ರವನ್ನು ಮಕ್ಕಳಿಗೆ ತೋರಿಸಿ, ‘ಅವರಿಗೆ ದವಡೆ ಮುರಿದಿತ್ತು, ನಿನಗೆ ಬರೀ ಮಂಡಿ’ ಎನ್ನುವ ತಂದೆಗಳು ಮಾತ್ರ ಸ್ವಲ್ಪ ಯೋಚಿಸಬೇಕು.

ಅಡ್ಡಬೀದಿಯಲ್ಲಿ ಇಂದೂ ಸಂಜೆ ಒಬ್ಬ ಹುಡುಗ ಉಳಿದಿದ್ದಾನೆ. ಮಂಡಿಯ ಬಾವು ಷರಾಯಿಯೊಳಗೆ ಅಡಗಿದೆ.

‘ಓಡ್ತೀಯೇನೋ?’ ಎನ್ನುತ್ತಾನೆ ನಾಯಕ.

ಹುಡುಗ ಗೋಡೆಯಿಂದ ಕೈ ತೆಗೆದು, ‘ಓ’ ಎನ್ನುತ್ತಾನೆ.