ನಾನು ತಪ್ಪಾಗಿ ಪಾಠ ಹೇಳಿದ ಕಂಬ

ಬಹಳ ವರ್ಷಗಳ ಹಿಂದಿನ ಮಾತು. ಒಂಬತ್ತನೆಯ ತರಗತಿಯಲ್ಲಿ ಉತ್ತರ ಅಮೆರಿಕದ ಪಾಠ ನಡೆಯುತ್ತಿತ್ತು. ಚಿತ್ರವೊಂದರಲ್ಲಿ ಪ್ರಾಣಿಗಳ ಮೊಗಗಳನ್ನು ಕೆತ್ತಿದ ಎತ್ತರದ ಮರದ ಕಂಬವನ್ನು ಕಂಡು ಹುಡುಗನೊಬ್ಬ ಎದ್ದು ನಿಂತ. "ಸರ್, ಇವು ಯಾವ ದೇವರು?" "ಅಲ್ಲಿನ ಮೂಲನಿವಾಸಿಗಳು ಪೂಜಿಸುವ ಮೃಗದೇವತೆಗಳು" ಎಂದು ತಡವರಿಸದೆ ಉತ್ತರಿಸಿದೆ. ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲವೆಂದು ಹೇಳುವ ಧೈರ್ಯವೂ ಅಂದು ಇರಲಿಲ್ಲ.

2018ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಸ್ಟ್ಯಾನ್ಲಿ ಪಾರ್ಕಿನಲ್ಲಿ ಅಂಥ ಟೋಟೆಮ್ ಕಂಬಗಳ ಎದುರು ನಿಂತೆ. ಅಲ್ಲಿಂದ ಬಂದು ಪುಸ್ತಕಗಳನ್ನು ತಿರುವಿದಾಗ ನನ್ನ ತಪ್ಪು ಅರಿವಾಯಿತು. ಪೆಸಿಫಿಕ್ ಕರಾವಳಿಯ ಹೈಡಾ, ಟ್ಲಿಂಗಿಟ್ ಮೊದಲಾದ ಜನರು ಕೆಂಪು ಸೀಡರ್ ಮರದಲ್ಲಿ ಕೆತ್ತುವ ಈ ಕಂಬಗಳು ಪೂಜೆಯ ವಿಗ್ರಹಗಳಲ್ಲ. ಅವುಗಳಲ್ಲಿನ ಹದ್ದು, ಕರಡಿ, ತಿಮಿಂಗಿಲಗಳು ಮನೆತನದ ಲಾಂಛನಗಳು. ವಂಶದ ಮೂಲಕಥೆ, ಅದರ ಹಕ್ಕುಗಳು, ಅಗಲಿದವರ ನೆನಪು ಆ ಮರದಲ್ಲಿವೆ. ಕಂಬ ನಿಲ್ಲಿಸುವಾಗ ಪಾಟ್‌ಲ್ಯಾಚ್ ಎಂಬ ಔತಣ ನಡೆಯುತ್ತದೆ. ಉಡುಗೊರೆ ಪಡೆದ ಅತಿಥಿಗಳು ಆ ಹಕ್ಕಿಗೆ ಸಾಕ್ಷಿಗಳಾಗುತ್ತಾರೆ. ಕೆನಡಾ ಸರ್ಕಾರ 1884ರಲ್ಲಿ ಈ ಔತಣವನ್ನೇ ಕಾನೂನಿನಿಂದ ನಿಷೇಧಿಸಿತು. 1951ರಲ್ಲಷ್ಟೇ ಆ ನಿಷೇಧ ತೊಲಗಿತು. ಕಂಬಗಳನ್ನು ವಿಗ್ರಹಾರಾಧನೆಯೆಂದು ಹಳಿದು, ಕಡಿದುಹಾಕಲು ಒತ್ತಾಯಿಸಿದ ಮಿಷನರಿಗಳಿದ್ದರು. ತರಗತಿಯಲ್ಲಿ ನಾನು ಆಡಿದ್ದು ಅವರ ಮಾತನ್ನೇ ಎಂಬುದು ನನ್ನನ್ನು ಇಂದಿಗೂ ನಾಚಿಸುತ್ತದೆ.

ಹೈಸ್ಲಾ ಜನರ ಮುಖಂಡರೊಬ್ಬರು ಸಿಡುಬಿನಿಂದ ತಮ್ಮವರನ್ನು ಕಳೆದುಕೊಂಡ ಬಳಿಕ, 1872ರಲ್ಲಿ ಸುಮಾರು ಒಂಬತ್ತು ಮೀಟರ್ ಎತ್ತರದ ಕಂಬವೊಂದನ್ನು ಕೆತ್ತಿಸಿದರು. 1929ರಲ್ಲಿ ಜನರ ಒಪ್ಪಿಗೆಯಿಲ್ಲದೆ ಅದನ್ನು ಕಡಿದು ಸ್ವೀಡನ್ನಿಗೆ ಸಾಗಿಸಲಾಯಿತು. 1991ರಲ್ಲಿ ಹೈಸ್ಲಾ ಜನರ ಪ್ರತಿನಿಧಿಗಳು ಅದನ್ನು ಕೇಳಲು ಸ್ಟಾಕ್‌ಹೋಮಿಗೆ ಹೋದರು. ಅವರ ಶಿಲ್ಪಿಗಳು ಅದೇ ಮಾದರಿಯ ಹೊಸ ಕಂಬವನ್ನು ಕೆತ್ತಿ ಅಲ್ಲಿನ ವಸ್ತುಸಂಗ್ರಹಾಲಯಕ್ಕೆ ಕೊಟ್ಟರು. ಹಳೆಯದು 2006ರಲ್ಲಿ ಮರಳಿ ಬಂತು. ಕಂಬ ಹಳತಾಗಿ ಬಿದ್ದು ಮಣ್ಣಿಗೆ ಸೇರುವುದು ಅವರ ಸಂಪ್ರದಾಯದಲ್ಲಿ ಅಪಚಾರವಲ್ಲ. ಮತ್ತೊಂದನ್ನು ಕೆತ್ತಬಲ್ಲ ಕೈಗಳು, ಅದರ ಕಥೆ ಹೇಳಬಲ್ಲ ಬಾಯಿಗಳು ಉಳಿಯಬೇಕು, ಅಷ್ಟೇ.

ಪ್ರಶ್ನೆ ಕೇಳಿದ ಆ ಹುಡುಗನ ಹೆಸರು ನನಗೆ ಮರೆತಿದೆ. ಅಂದು ಆ ತರಗತಿಯಲ್ಲಿದ್ದ ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ನೆನಪಿನಲ್ಲಿರುವ ನನ್ನ ಉತ್ತರವನ್ನು ದಯವಿಟ್ಟು ತಿದ್ದಿಕೊಳ್ಳಿ. ನಿಮ್ಮ ಉತ್ತರಪತ್ರಿಕೆಗಳ ಮೇಲೆ ಕೆಂಪು ಶಾಯಿ ಧಾರಾಳವಾಗಿ ಸುರಿಸಿದವನು ನಾನು. ಈ ಒಂದು ಸಾಲಿನ ಮೇಲೆ ಇಂದು ನಾನೇ ಗೀಟು ಹಾಕಿದ್ದೇನೆ.